ಉಪಕರಣವೂ ಉಪಾಧ್ಯಾಯನೂ

ಕಾಯಕವೆಂದ ಮೇಲೆ ಅದಕ್ಕೆ ತಕ್ಕ ಉಪಕರಣವೊಂದು ಇದ್ದೇ ಇರುತ್ತದೆ. ಬಡಗಿಗೆ ಉಳಿ, ಒಕ್ಕಲಿಗನಿಗೆ ನೇಗಿಲು, ನೇಕಾರನಿಗೆ ಲಾಳಿ, ಅಂಬಿಗನಿಗೆ ಹುಟ್ಟು. ಹನ್ನೆರಡನೆಯ ಶತಮಾನದ ಶರಣರಲ್ಲಿ ಅನೇಕರು ತಮ್ಮ ಕಾಯಕವನ್ನೇ ಹೆಸರಿನೊಡನೆ ಧರಿಸಿ ಬಾಳಿದವರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ಉಚ್ಚರಿಸಿದೊಡನೆ ಅವರ ಕೈಯ ಕೆಲಸವೂ ನಮ್ಮ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅವರು ಉಪಕರಣವನ್ನು ಹೀನವೆಂದು ಬಗೆಯಲಿಲ್ಲ. ಉಪಕರಣವೇ ಕಾಯಕವೆಂದೂ ಭ್ರಮಿಸಲಿಲ್ಲ. ಹಾಗಾದರೆ ಉಪಾಧ್ಯಾಯನ ಉಪಕರಣ ಯಾವುದು? ಅದಕ್ಕೂ ಅವನಿಗೂ ಇರಬೇಕಾದ ಸಂಬಂಧ ಎಂತಹುದು? ವಾಚಕರಾದ ನೀವು ನನ್ನೊಡನೆ ಈ ಪ್ರಶ್ನೆಯನ್ನು ಸ್ವಲ್ಪ ಹೊತ್ತು ವಿಚಾರ ಮಾಡಬೇಕೆಂದು ವಿನಂತಿ.

ಈ ಪ್ರಶ್ನೆ ನನ್ನಲ್ಲಿ ಮೂಡಿದ್ದು ಗ್ರಂಥವನ್ನೋದಿ ಅಲ್ಲ. ತುಮಕೂರು ತಾಲ್ಲೂಕಿನ ಊರ್ಡಿಗೆರೆ ಹೋಬಳಿಯ ಕಡೆಯ ಒಂದು ಶಾಲೆಗೆ ಬೋಧನಾಭ್ಯಾಸಕ್ಕೆಂದು ಹೋಗುತ್ತಿದ್ದ, ನಮಗೆ ಪರಿಚಿತರ ಮಗಳೊಬ್ಬಳು ಒಂದು ಸಂಜೆ ಮನೆಗೆ ಬಂದಳು. ಅಂದು ಅವಳ ಪಾಠವನ್ನು ಮೇಲ್ವಿಚಾರಕರು ಪರೀಕ್ಷಿಸಿದ್ದರು. ನದಿಗಳ ಉಗಮವೆಂಬ ಪಾಠ. ಅವಳು ರಾತ್ರಿಯೆಲ್ಲ ಕುಳಿತು ಸಿದ್ಧಪಡಿಸಿದ್ದ ಚಿತ್ರಗಳು ಪ್ರೊಜೆಕ್ಟರಿನ ಬೆಳಕಿನಲ್ಲಿ ಗೋಡೆಯ ಮೇಲೆ ಒಂದಾದ ಮೇಲೊಂದು ಮೂಡಿದವು. ಗೋಮುಖದ ಹಿಮ ಕರಗಿತು, ಗಂಗೆ ಇಳಿದಳು, ಬಯಲು ಹಸುರಾಯಿತು. ಮಕ್ಕಳು ಬೆರಗಾಗಿ ನೋಡಿದರು. ಮೇಲ್ವಿಚಾರಕರ ಪಟ್ಟಿಯಲ್ಲಿ ತಂತ್ರಜ್ಞಾನದ ಬಳಕೆ ಎಂಬ ಅಂಕಣಕ್ಕೆ ಪೂರ್ಣ ಅಂಕಗಳು ಬಿದ್ದವು.

ಆದರೂ ಅವಳ ಮುಖದಲ್ಲಿ ಸಂತೋಷವಿರಲಿಲ್ಲ. ಕಾರಣ ಕೇಳಿದೆ. ನಡುವೆ ಒಬ್ಬ ಹುಡುಗಿ ಎದ್ದು ನಿಂತು, “ಮಿಸ್, ನಮ್ಮೂರ ಹಳ್ಳದ ನೀರು ಎಲ್ಲಿಗೆ ಹೋಗುತ್ತೆ?” ಎಂದು ಕೇಳಿದಳಂತೆ. ಇವಳಿಗೆ ಉತ್ತರ ತಿಳಿಯದು. “ಅದು ಪಾಠದಲ್ಲಿಲ್ಲ, ಕೂತ್ಕೋ” ಎಂದು ಮುಂದಿನ ಚಿತ್ರಕ್ಕೆ ಸರಿದಳು. ಹುಡುಗಿ ಕುಳಿತಳು. “ಮೇಷ್ಟ್ರೇ, ನಾನು ಸುಳ್ಳು ಹೇಳಲಿಲ್ಲ, ಪಾಠವನ್ನೂ ತಪ್ಪಿಸಲಿಲ್ಲ. ಆದರೂ ಏನೋ ತಪ್ಪು ಮಾಡಿದ ಹಾಗಿದೆ. ಅದು ಯಾವ ತಪ್ಪು ಅಂತ ಹೇಳಿ” ಎಂದಳು.

ವಾಚಕರೇ, ಆ ಹೊತ್ತಿನಲ್ಲಿ ನಾನು ಉತ್ತರ ಕೊಡಲಾರದೆ ಹೋದೆ. “ಇರಲಿ ತಾಯಿ, ಕಾಫಿ ಕುಡಿ” ಎಂದೆ. ಅವಳು ಹೋದ ಮೇಲೆ ಆ ಪ್ರಶ್ನೆ ನನ್ನ ಪಾಲಿಗೇ ಉಳಿಯಿತು.

ಇಂತಹ ಸಂದರ್ಭದಲ್ಲಿ ನನ್ನ ವಯಸ್ಸಿನವರು ಸುಲಭವಾಗಿ ಹೇಳಿಬಿಡುವ ಮಾತೊಂದಿದೆ. ಯಂತ್ರ ಬಂತು, ವಿದ್ಯೆ ಕೆಟ್ಟಿತು ಎಂಬುದು ಆ ಮಾತು. ಇದು ವಿಚಾರಕ್ಕೆ ನಿಲ್ಲುವುದಿಲ್ಲ. ನಾವು ಪೂಜ್ಯವೆಂದು ತಿಳಿಯುವ ಸೀಮೆಸುಣ್ಣ, ಕರಿಹಲಗೆಗಳೂ ಒಂದು ಕಾಲಕ್ಕೆ ಹೊಸ ಯಂತ್ರಗಳೇ. ಬಾಯಿಂದ ಬಾಯಿಗೆ ಕಲಿತವರಿಗೆ ತಾಳೆಗರಿ ಹೊಸದು. ತಾಳೆಗರಿಯವರಿಗೆ ಅಚ್ಚಿನ ಪುಸ್ತಕ ಹೊಸದು. ಮಠ ಮನೆಗಳ ಕಟ್ಟುಗಳಲ್ಲಿ ಅಡಗಿದ್ದ ವಚನಗಳು ನಮ್ಮ ನಿಮ್ಮ ಕೈಗೆ ಹೇಗೆ ಬಂದವು? ಫ.ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗಳನ್ನು ಸಂಗ್ರಹಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ವಿಜಯಪುರದಲ್ಲಿ ತಮ್ಮ ಸ್ವಂತ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅಚ್ಚಿನ ಯಂತ್ರವನ್ನು ಅವರು ಅನ್ಯವೆಂದು ದೂರವಿಟ್ಟಿದ್ದರೆ ನಾವು ಎಷ್ಟು ಬಡವರಾಗುತ್ತಿದ್ದೆವೆಂಬುದನ್ನು ಊಹಿಸಿರಿ.

ಶಾಲೆಗೆ ಯಂತ್ರ ಬಂದುದೂ ನಿನ್ನೆ ಮೊನ್ನೆಯ ಸಂಗತಿಯಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ, ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಮುಟ್ಟಿಸುವ ಪ್ರಯೋಗ ನಡೆಯಿತು. ಆ ದಿನಗಳಲ್ಲಿ ಉಪಾಧ್ಯಾಯರಿಗೂ ಅದರ ಮೂಲಕ ತರಬೇತಿ ದೊರೆಯಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಎಂಬ ಉಪಗ್ರಹ ಶ್ರೀಹರಿಕೋಟೆಯಿಂದ ಗಗನಕ್ಕೇರಿತು. 2017ರ ಶಿಕ್ಷಕರ ದಿನಾಚರಣೆಯಂದು ದೀಕ್ಷಾ ಎಂಬ ಜಾಲ ಆರಂಭವಾಯಿತು. ಪಠ್ಯಪುಸ್ತಕದಲ್ಲಿ ಮುದ್ರಿತವಾದ ಕ್ಯೂಆರ್ ಸಂಕೇತಕ್ಕೆ ಮೊಬೈಲ್ ಹಿಡಿದರೆ ಪಾಠದ ಚಿತ್ರ ತೆರೆದುಕೊಳ್ಳುವಂತಾಯಿತು. ಅರ್ಧ ಶತಮಾನದ ಈ ಪ್ರಯತ್ನದ ಹಿಂದೆ ಒಂದು ಸದುದ್ದೇಶವಿದೆ. ಪಟ್ಟಣದ ಮಗುವಿಗೆ ದಕ್ಕುವುದು ಹಳ್ಳಿಯ ಮಗುವಿಗೂ ದಕ್ಕಬೇಕೆಂಬುದೇ ಅದು. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ಕಂಡು ಬೆಳೆದ ನಮಗೆ ಈ ಉದ್ದೇಶ ಅಪರಿಚಿತವೇನೂ ಅಲ್ಲ. ಆದುದರಿಂದ ಕಲಿಯಬಲ್ಲವನಾಗಿದ್ದೂ, “ಇದೆಲ್ಲ ನಮಗೇಕೆ?” ಎಂದು ಹೊಸ ಉಪಕರಣವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಉಪಾಧ್ಯಾಯನು ತನ್ನ ಸೋಮಾರಿತನಕ್ಕೆ ಸಂಪ್ರದಾಯದ ಹೊದಿಕೆ ಹೊದಿಸುತ್ತಾನೆ. ಬಡವನ ಮಗುವಿನ ಎಲೆಯಿಂದ ಒಂದು ತುತ್ತನ್ನು ತೆಗೆದಂತೆಯೇ ಅದು.

ಹಾಗಾದರೆ ಆ ತರುಣಿಯ ತಪ್ಪು ಎಲ್ಲಿದೆ? ಅದನ್ನು ಹುಡುಕುತ್ತ ಹೊರಟಾಗ ನನಗೆ ನನ್ನದೇ ಹಳೆಯ ದಿನ ನೆನಪಾಯಿತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾವ ಯಂತ್ರವೂ ಇರಲಿಲ್ಲ. ಇದ್ದುದು ಒಂದು ಗೈಡ್ ಮಾತ್ರ. ಅದನ್ನು ಹಾಜರಿ ಪುಸ್ತಕದೊಳಗಿಟ್ಟುಕೊಂಡು ಪ್ರಶ್ನೋತ್ತರ ಬರೆಸುತ್ತಿದ್ದೆ. ತಿಳಿಯದ ಪ್ರಶ್ನೆಯನ್ನು ಯಾವನಾದರೂ ಹುಡುಗ ಕೇಳಿದರೆ, “ಮೊದಲು ಇದನ್ನು ಬರೆದುಕೋ” ಎಂದು ಗದರಿಸುತ್ತಿದ್ದೆ. ತರಗತಿ ನಿಶ್ಶಬ್ದವಾಗುತ್ತಿತ್ತು, ನಾನು ಅದನ್ನು ಶಿಸ್ತು ಎಂದು ತಿಳಿದಿದ್ದೆ. ಅಂದು ನನ್ನ ಅಜ್ಞಾನಕ್ಕೆ ಗೈಡ್ ಮರೆಯಾಯಿತು. ಇಂದು ಅವಳ ಅಜ್ಞಾನಕ್ಕೆ ಗೋಡೆಯ ಮೇಲಿನ ಚಿತ್ರ ಮರೆಯಾಯಿತು. ಉಪಕರಣ ಬದಲಾಗಿದೆ, ದೋಷ ಬದಲಾಗಿಲ್ಲ. ಉಪಕರಣವಿರುವುದು ಕಾಣಿಸುವುದಕ್ಕೆ. ಅದನ್ನು ಮರೆಮಾಡುವುದಕ್ಕೆ ಬಳಸಿದಾಗ ತಪ್ಪಾಗುತ್ತದೆ. ಅವಳ ಅಂತರಂಗ ಹೇಳಿದ್ದು ಇದನ್ನೇ.

ಉತ್ತರ ತಿಳಿಯದಿರುವುದು ತಪ್ಪಲ್ಲ, ವಾಚಕರೇ. ಎಲ್ಲವನ್ನೂ ತಿಳಿದ ಉಪಾಧ್ಯಾಯ ಎಲ್ಲಿಯೂ ಇಲ್ಲ. ಆದರೆ ಮಗುವಿನ ಪ್ರಶ್ನೆಯು ಮಗುವು ನಮ್ಮಲ್ಲಿ ಇಟ್ಟ ನಂಬಿಕೆಯ ಗುರುತು. ಅದನ್ನು ತಳ್ಳಿಹಾಕಿದಾಗ ಮಗು ಕಲಿಯುವುದು ನದಿಯ ಪಾಠವನ್ನಲ್ಲ; ಕೇಳಬಾರದೆಂಬ ಪಾಠವನ್ನು. ಆ ಪಾಠ ಮರೆಯುವುದು ಬಹಳ ಕಷ್ಟ.

ಇನ್ನು ಆ ಪ್ರಶ್ನೆಯ ಹಿರಿಮೆಯನ್ನಾದರೂ ನೋಡಿರಿ. ಆ ಸೀಮೆಯವರಿಗೆ ದೇವರಾಯನದುರ್ಗದ ಬೆಟ್ಟಸಾಲು ದಿನನಿತ್ಯದ ನೋಟ. ಆ ಬೆಟ್ಟಗಳಲ್ಲಿಯೇ ಜಯಮಂಗಲಿಯೂ ಶಿಂಷೆಯೂ ಹುಟ್ಟುತ್ತವೆ. ಜಯಮಂಗಲಿ ಉತ್ತರಕ್ಕೆ ತಿರುಗಿ ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ಶಿಂಷೆ ದಕ್ಷಿಣಕ್ಕೆ ಹರಿದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯವನ್ನು ತುಂಬಿ, ಮದ್ದೂರನ್ನು ದಾಟಿ ಕಾವೇರಿಗೆ ಕೂಡಿಕೊಳ್ಳುತ್ತಾಳೆ. ಒಂದೇ ಬೆಟ್ಟಸಾಲಿನ ಮೇಲೆ ಬಿದ್ದ ಮಳೆ ಎರಡು ದಾರಿ ಹಿಡಿದು, ಎರಡು ಮಹಾನದಿಗಳ ಮಡಿಲು ಸೇರಿ, ಕೊನೆಗೆ ಒಂದೇ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ನದಿಯ ಉಗಮವನ್ನು ಬೋಧಿಸಲು ಇದಕ್ಕಿಂತ ಮಿಗಿಲಾದ ಪಾಠವುಂಟೇ? ಗೋಮುಖ ಗೋಡೆಯ ಮೇಲೆ ಬಂತು; ದೇವರಾಯನದುರ್ಗ ಕಿಟಕಿಯ ಆಚೆಗೇ ಉಳಿಯಿತು.

ಇಲ್ಲಿ ನೀವು ಎಚ್ಚರ ವಹಿಸಬೇಕು. ಕಿಟಕಿ ತೆರೆದರೆ ಸಾಕು, ಪ್ರೊಜೆಕ್ಟರ್ ಬೇಡ ಎಂದು ನಾನು ಹೇಳುತ್ತಿಲ್ಲ. ಹಳ್ಳದ ದಡದಲ್ಲಿ ನಿಂತ ಮಗುವಿಗೆ ನೀರು ಕಾಣುತ್ತದೆ, ಕಲ್ಲು ಕಾಣುತ್ತದೆ. ನದಿಯ ದಾರಿ ಕಾಣುವುದಿಲ್ಲ. ಬರಿಗಣ್ಣಿಗೆ ಎಟುಕದ ಆ ದಾರಿಯನ್ನು ಉಪಗ್ರಹವು ತೆಗೆದ ನಕ್ಷೆ ಒಂದು ನಿಮಿಷದಲ್ಲಿ ತೋರಿಸಬಲ್ಲದು. ಹೃದಯದ ಬಡಿತ, ಗ್ರಹಣದ ನೆರಳು, ಬೀಜದೊಳಗಿನ ಮೊಳಕೆ ಇವೆಲ್ಲವೂ ಹಾಗೆಯೇ. ಕಣ್ಣಿಗೆ ಕಾಣದುದನ್ನು ಕಾಣಿಸುವುದು ಉಪಕರಣದ ಧರ್ಮ. ಕಣ್ಣ ಮುಂದಿರುವುದನ್ನು ಮರೆಸುವುದು ಅದರ ಧರ್ಮವಲ್ಲ. ಕಾಲಿನಿಂದ ಮುಟ್ಟಬಹುದಾದುದನ್ನು ಮುಟ್ಟಿಸಿ, ಮುಟ್ಟಲಾಗದುದನ್ನು ತೋರಿಸುವವನೇ ಬಲ್ಲ ಉಪಾಧ್ಯಾಯ.

ಮತ್ತೊಂದು ಸಂಗತಿ. ಉಪಕರಣಕ್ಕೆ ತೋರಿಸುವ ಶಕ್ತಿಯಿದೆ. ಮಗುವಿನ ಮನಸ್ಸನ್ನು ನೋಡುವ ಶಕ್ತಿಯಿಲ್ಲ. ಹಿಂದಿನ ಸಾಲಿನ ಹುಡುಗ ಏಕೆ ತಲೆ ತಗ್ಗಿಸಿದ್ದಾನೆ, ಅವನಿಗೆ ಅರ್ಥವಾಗಿಲ್ಲವೋ, ಹಸಿದಿದ್ದಾನೋ, ಮನೆಯಲ್ಲಿ ಜಗಳವಾಗಿದೆಯೋ ಎಂಬುದು ಗೋಡೆಯ ಚಿತ್ರಕ್ಕೆ ತಿಳಿಯದು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಇದು ನಾಡಿಗೆಲ್ಲ ಮನವರಿಕೆಯಾಯಿತು. ಸಂವೇದ ಎಂಬ ಹೆಸರಿನಲ್ಲಿ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು, ಅವುಗಳಿಂದ ಉಪಕಾರವಾಯಿತು. ಆದರೆ ಟಿ.ವಿ. ಇಲ್ಲದ ಮನೆಗಳಿದ್ದವು, ಇದ್ದ ಒಂದೇ ಮೊಬೈಲ್ ತಂದೆಯ ಜೇಬಿನಲ್ಲಿ ಕೂಲಿಗೆ ಹೋಗುತ್ತಿತ್ತು. ಅದೇ ವರ್ಷ ವಿದ್ಯಾಗಮ ಯೋಜನೆಯಲ್ಲಿ ಉಪಾಧ್ಯಾಯರೇ ಊರಿನ ಜಗಲಿಗೆ, ಗುಡಿಯ ಅಂಗಳಕ್ಕೆ, ಮರದ ನೆರಳಿಗೆ ನಡೆದು ಹೋದರು. ಪಾಠವನ್ನು ಯಂತ್ರ ಮುಟ್ಟಿಸಿತು. ಯಾವ ಮಗುವಿಗೆ ಪಾಠ ಮುಟ್ಟಿಲ್ಲವೆಂಬುದನ್ನು ಮನುಷ್ಯ ಕಂಡುಕೊಂಡ.

ನಿಮ್ಮಲ್ಲಿ ಕೆಲವರು ಆಕ್ಷೇಪಿಸಬಹುದು: ಅಂಕ ಹಾಕುವವರು ಮುಂದೆ ಕುಳಿತಿರುವಾಗ, ತಂತ್ರಜ್ಞಾನದ ಬಳಕೆಗೇ ಒಂದು ಅಂಕಣವಿರುವಾಗ, ಪಾಪ, ಆ ಹುಡುಗಿ ಏನು ಮಾಡಿಯಾಳು? ಈ ಆಕ್ಷೇಪ ನ್ಯಾಯವಾದುದೇ. ಹೊಸದಾಗಿ ಸೈಕಲ್ ಕಲಿಯುವವನ ಕಣ್ಣು ಮುಂದಿನ ಚಕ್ರದ ಮೇಲೆಯೇ ಇರುತ್ತದೆ. ದಾರಿಯ ಮೇಲೆ ಇರುವುದಿಲ್ಲ. ಅಭ್ಯಾಸವಾದ ಮೇಲೆ ಚಕ್ರ ಮರೆತುಹೋಗುತ್ತದೆ, ದಾರಿ ಕಾಣುತ್ತದೆ. ಅವಳ ಗಮನವೆಲ್ಲ ಆ ದಿನ ಯಂತ್ರದ ಗುಂಡಿಗಳ ಮೇಲಿತ್ತು. ಆದ್ದರಿಂದ ನಾನು ತರಬೇತಿಯಲ್ಲಿರುವವರಿಗೆ ಹೇಳುವುದು ಉಪಕರಣವನ್ನು ಕಡಿಮೆ ಕಲಿಯಿರೆಂದಲ್ಲ, ಸಂಪೂರ್ಣವಾಗಿ ಕಲಿಯಿರೆಂದು. ಅರೆಬರೆ ಕಲಿತವನು ಉಪಕರಣದ ಆಳಾಗುತ್ತಾನೆ. ಚೆನ್ನಾಗಿ ಕಲಿತವನ ಕಣ್ಣು ಬಿಡುವಾಗಿ ಮಕ್ಕಳ ಮುಖದ ಕಡೆಗೆ ತಿರುಗುತ್ತದೆ. ಅಂಕ ಹಾಕುವವರಿಗೂ ಒಂದು ಬಿನ್ನಹ: ಎಷ್ಟು ಚಿತ್ರ ತೋರಿಸಿದಳೆಂದು ಎಣಿಸುವಾಗ, ಎಷ್ಟು ಪ್ರಶ್ನೆಗಳಿಗೆ ನಿಂತಳೆಂಬುದನ್ನೂ ಎಣಿಸಿರಿ.

ಕೆಲವು ದಿನಗಳ ಮೇಲೆ ಆ ತರುಣಿ ಮತ್ತೆ ಬಂದಳು. ನಾನು ಇಷ್ಟೆಲ್ಲ ಯೋಚಿಸಿ ಇಟ್ಟುಕೊಂಡಿದ್ದೆ; ಹೇಳುವ ಅಗತ್ಯವೇ ಬೀಳಲಿಲ್ಲ. ಮಾರನೆಯ ದಿನವೇ ಅವಳು ತರಗತಿಗೆ ಹೋಗಿ, “ನಿನ್ನೆ ನೀನು ಕೇಳಿದ್ದು ನನಗೆ ಗೊತ್ತಿರಲಿಲ್ಲ. ಎಲ್ಲರೂ ಸೇರಿ ಹುಡುಕೋಣ” ಎಂದಳಂತೆ. ಮೊಬೈಲಿನ ನಕ್ಷೆಯನ್ನು ಅದೇ ಗೋಡೆಯ ಮೇಲೆ ಮೂಡಿಸಿ, ಮಕ್ಕಳಿಂದಲೇ ಹಳ್ಳವನ್ನು ಗುರುತಿಸಿದಳು. ಹಳ್ಳ ಕೆರೆಯವರೆಗೆ ಹೋಗಿದ್ದು ಕಂಡಿತು. ಕೆರೆಯ ಕೋಡಿಯ ಆಚೆ ನಕ್ಷೆ ಅಸ್ಪಷ್ಟವಾಯಿತು. “ನಮ್ಮ ತಾತಂಗೆ ಗೊತ್ತು ಮಿಸ್, ಕೇಳ್ಕೊಂಡ್ ಬರ್ತೀನಿ” ಎಂದು ಆ ಹುಡುಗಿಯೇ ಹೊಣೆ ಹೊತ್ತಳು. ಈ ಪಾಠಕ್ಕೆ ಯಾರೂ ಅಂಕ ಕೊಡಲಿಲ್ಲ. ಅವಳ ಮುಖದಲ್ಲಿ ಅಂದು ಕಾಣದಿದ್ದ ಸಂತೋಷ ಈಗ ಕಂಡಿತು.

ವಾಚಕರೇ, ನಿಮ್ಮಲ್ಲಿ ಎಷ್ಟೋ ಜನ ಮಠದ ಪ್ರಸಾದವನ್ನುಂಡು, ಅಕ್ಷರ ಕಲಿತು, ಇಂದು ಉಪಾಧ್ಯಾಯರಾಗಿದ್ದೀರಿ. ಇಲ್ಲವೇ ನಿಮ್ಮ ಮಕ್ಕಳು ಆ ವೃತ್ತಿಗೆ ಸಿದ್ಧರಾಗುತ್ತಿದ್ದಾರೆ. ಯಾವ ಉಪಕರಣ ಕೈಗೆ ಬಂದರೂ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಿರಿ. ಇದು ಮಗುವಿಗೆ ಕಾಣದುದನ್ನು ಕಾಣಿಸುತ್ತಿದೆಯೇ, ಇಲ್ಲವೇ ನನ್ನನ್ನು ಮರೆಮಾಡುತ್ತಿದೆಯೇ? ಇದರ ಕಡೆ ನೋಡುತ್ತ ನಾನು ಯಾವ ಮುಖವನ್ನು ನೋಡದೆ ಬಿಟ್ಟೆ? ಇದು ನಿಂತುಹೋದ ಮೇಲೂ ಮಗುವಿನಲ್ಲಿ ಉಳಿಯುವ ಪ್ರಶ್ನೆ ಯಾವುದು? ಈ ಮೂರಕ್ಕೂ ನಿರ್ವಂಚನೆಯಿಂದ ಉತ್ತರ ಹೇಳಬಲ್ಲವನ ಕೈಯಲ್ಲಿ ಸೀಮೆಸುಣ್ಣದ ತುಂಡೂ ಸಾರ್ಥಕ, ಗಗನದ ಉಪಗ್ರಹವೂ ಸಾರ್ಥಕ. ಅಂತಹ ಉಪಾಧ್ಯಾಯರು ನಮ್ಮ ಹಳ್ಳಿ ಹಳ್ಳಿಗಳಲ್ಲಿ ಬೆಳೆಯಲಿ.