ಒರೆಯ ಧರ್ಮ

ಕನ್ನಡದಲ್ಲಿ 'ಒರೆ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಕತ್ತಿಯನ್ನು ಮುಚ್ಚಿಡುವುದೂ ಒರೆ. ಚಿನ್ನವನ್ನು ತಿಕ್ಕಿ ನೋಡುವುದೂ ಒರೆ. ಎರಡಕ್ಕೂ ಮೂಲವೊಂದೇ ಎಂದು ನಾನು ವಾದಿಸುವುದಿಲ್ಲ. ಆದರೆ ಆಯುಧವುಳ್ಳವನ ಗುಣ ತಿಳಿಯುವುದು ಆಯುಧದಿಂದಲ್ಲ, ಅದರ ಒರೆಯಿಂದ ಎಂಬುದಕ್ಕೆ ನಮ್ಮ ನುಡಿಯೇ ಸಾಕ್ಷಿ ಹೇಳುವಂತಿದೆ.

ಆಳಂದದ ಕಡೆಯಿಂದ ಬರುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿಯ ಸೀಮೆಗೆ ಹರಿಯುತ್ತಾಳೆ. ದತ್ತನ ಕ್ಷೇತ್ರ, ಲಾಡ್ಲೆ ಮಶಾಕರ ದರ್ಗಾ, ತೊಗರಿಯ ಹೊಲ—ಇವು ಈ ನೆಲದ ನಿಜವಾದ ಗುರುತುಗಳು. ಆದರೂ 'ಭೀಮಾ ತೀರ' ಎಂದೊಡನೆ ಪತ್ರಿಕೆ ಓದುವ ನಮಗೆ ನೆನಪಾಗುವುದು ನಾಡಪಿಸ್ತೂಲು! ದುಡಿದು ಬದುಕುವ ಲಕ್ಷಾಂತರ ಜನಕ್ಕೆ ಇದು ಅನ್ಯಾಯ. ಆ ಕಳ್ಳ ಪಿಸ್ತೂಲಿಗೆ ಸಾಮಾನ್ಯವಾಗಿ ಒರೆಯಿಲ್ಲ. ಅದು ಸೊಂಟಕ್ಕೆ ಸಿಕ್ಕಿಸಿದ, ಅಂಗಿಯಡಿಯ ವಸ್ತು. ಅಡಗಿಸಿಡುವುದು ಬೇರೆ, ಒರೆಯಲ್ಲಿಡುವುದು ಬೇರೆ. ಒಂದು ಪರರ ಕಣ್ಣಿಗೆ ಅಂಜಿದ್ದು. ಇನ್ನೊಂದು ತನ್ನ ಕೈಗೆ ತಾನೇ ಅಂಜಿದ್ದು.

ಕಾನೂನು ಈ ಎರಡನೆಯ ಅಂಜಿಕೆಯನ್ನೇ ಬಯಸುತ್ತದೆ. 1959ರ ಆಯುಧ ಕಾಯಿದೆಯ ಅಡಿಯಲ್ಲಿ ಬಂದ 2016ರ ನಿಯಮಗಳು, ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ತಕ್ಕ ಚೀಲದಲ್ಲಿ ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು ಎನ್ನುತ್ತವೆ. 2019ರ ತಿದ್ದುಪಡಿ, ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತರುವವನಿಗೆ ಎರಡು ವರ್ಷಗಳವರೆಗೆ ಸೆರೆ ವಿಧಿಸಬಹುದೆಂದಿತು.

ಪಿಸ್ತೂಲನ್ನು ಒರೆಯಿಂದ ತೆಗೆಯುವ ಅಭ್ಯಾಸವನ್ನು ಬಲ್ಲವರು ಹೇಗೆ ಕಲಿಸುತ್ತಾರೆ? ಮೊದಲು ಆಯುಧ ಬರಿದಾಗಿರಬೇಕು. ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ ಖಚಿತಪಡಿಸಿಕೊಳ್ಳಬೇಕು. ಗುಂಡುಗಳು ಬೇರೊಂದು ಕೋಣೆಯಲ್ಲಿರಬೇಕು. ಒರೆ ಗಟ್ಟಿಯಾಗಿದ್ದು ಕುದುರೆಯನ್ನು ಪೂರ್ತಿ ಮುಚ್ಚಿರಬೇಕು. ತೆಗೆಯುವಾಗ ನಳಿಗೆಯ ಮುಂದೆ ತನ್ನ ಎಡಗೈ ಕೂಡ ಸುಳಿಯಬಾರದು; ಗುಂಡು ಹಾರಿಸುವ ನಿರ್ಧಾರವಾಗುವತನಕ ಬೆರಳು ಕುದುರೆಯ ಹೊರಗೆ ನೆಟ್ಟಗಿರಬೇಕು. ಇದೆಲ್ಲ ನಿಧಾನವಾಗಿ, ನೂರು ಸಲ.

ಅಚ್ಚರಿಯೆಂದರೆ, ತೆಗೆಯುವುದಕ್ಕಿಂತ ಮರಳಿ ಇಡುವಾಗಲೇ ಎಚ್ಚರ ಹೆಚ್ಚು ಬೇಕು. ಅಂಗಿಯ ಅಂಚೊಂದು ಕುದುರೆಗೆ ಸಿಕ್ಕರೆ ಗುಂಡು ತೊಡೆಯನ್ನೇ ಹೊಗುತ್ತದೆ. ಆದುದರಿಂದ ನಿಂತು, ನೋಡಿ, ಬಟ್ಟೆ ಸರಿಸಿ, ಮೆಲ್ಲಗೆ ಇಡಬೇಕು. ತೆಗೆಯುವುದಕ್ಕೆ ಅವಸರದ ಕಾರಣವಿರಬಹುದು. ಇಡುವುದಕ್ಕೆ ಎಂದೂ ಇರದು. ಮನುಷ್ಯನ ಸಿಟ್ಟಿಗೂ ಈ ಮಾತು ಸಲ್ಲುವುದಿಲ್ಲವೆ? ಹಿರಿದ ಮಾತನ್ನು ಮರಳಿ ಒರೆಗೆ ಸೇರಿಸುವ ಶಿಕ್ಷಣ ನಮ್ಮಲ್ಲಿ ಎಷ್ಟು ಮಂದಿಗೆ ಆಗಿದೆ?

'ಕೊಲ್ಲುವ ಸಾಧನವನ್ನು ಜೋಪಾನವಾಗಿ ಹಿಡಿಯಲು ಕಲಿಸುವುದು ಹಿಂಸೆಗೆ ಸಭ್ಯತೆಯ ಅಂಗಿ ತೊಡಿಸಿದಂತಲ್ಲವೆ?' ಎಂದು ಕೇಳುವವರುಂಟು. ಪ್ರಶ್ನೆ ಸುಳ್ಳಲ್ಲ. ಒರೆ ಕೈತಪ್ಪನ್ನು ತಡೆಯಬಲ್ಲದು, ಕೆಟ್ಟ ಮನಸ್ಸನ್ನು ತಡೆಯಲಾರದು. ಆಯುಧವೇ ಇಲ್ಲದ ಮನೆಯಷ್ಟು ನಿಶ್ಚಿಂತೆಯ ಮನೆ ಇನ್ನೊಂದಿಲ್ಲ. ಆದರೆ ಕಾವಲಿನ ಪೇದೆಗೆ ಆಯುಧ ಬೇಕೇ ಬೇಕು ಎಂದಾದ ಮೇಲೆ, ಅವನ ಎಚ್ಚರವೇ ದಾರಿಹೋಕನಿಗೆ ಸಲ್ಲುವ ಮೊದಲ ಅಹಿಂಸೆ.

ಪಾಂಡವರು ಅಜ್ಞಾತವಾಸದಲ್ಲಿ ಆಯುಧಗಳನ್ನು ಶಮೀವೃಕ್ಷದಲ್ಲಿ ಇಟ್ಟರು. ಅದೇ ನಮ್ಮ ಬನ್ನಿ. ದಸರೆಯಲ್ಲಿ ಭೀಮೆಯ ದಂಡೆಯ ಊರುಗಳಲ್ಲಿಯೂ ಅದರ ಎಲೆ ಕೊಟ್ಟು, ಬಂಗಾರದಂತೆ ಇರೋಣ ಎನ್ನುತ್ತಾರೆ. ಗಾಂಡೀವವನ್ನು ಎಳೆದ ದಿನದಷ್ಟೇ, ಎಳೆಯದೆ ಇದ್ದ ಆ ವರುಷವೂ ಅರ್ಜುನನ ಪೌರುಷಕ್ಕೆ ಒರೆಗಲ್ಲು.