ಉಗ್ರಾಣವೂ ಅಪರಿಗ್ರಹವೂ

ಅಗತ್ಯಕ್ಕಿಂತ ಹೆಚ್ಚನ್ನು ಕೂಡಿಡಬಾರದೆಂಬುದು ಶ್ರಾವಕನ ಪರಿಗ್ರಹ ಪರಿಮಾಣ ವ್ರತ. ಮಕ್ಕಳಿಗೆ ಈ ಪಾಠ ಹೇಳುವ ನಾವೇ, ತರುಣರನ್ನು ಶ್ರಮದಾನಕ್ಕೆ ಕರೆದು, ವಸ್ತುಗಳನ್ನು ಕೂಡಿಡಲು ಒಂದು ಉಗ್ರಾಣವನ್ನು ಕಟ್ಟಿರೆಂದು ಹೇಳಬಹುದೆ? ಈ ಪ್ರಶ್ನೆಯನ್ನು ಹಗುರವಾಗಿ ದಾಟಿ ಹೋಗುವಂತಿಲ್ಲ.

ಅರಸೀಕೆರೆ ತಾಲ್ಲೂಕಿನ ಗಂಡಸಿಯ ಕಡೆಯನ್ನೇ ನೋಡೋಣ. ರಾಗಿ, ತೆಂಗುಗಳ ಸೀಮೆ. ಮಳೆ ತಪ್ಪಿದ ವರ್ಷಗಳನ್ನು ಕಂಡ ನೆಲ. ಇಂತಹ ಊರಿನ ಬಯಲಿನಲ್ಲಿ ಬರಗಾಲದ ಮೇವು, ಸಂತರ್ಪಣೆಯ ಪಾತ್ರೆ, ಏಣಿ, ಹಗ್ಗ, ಗುದ್ದಲಿಗಳನ್ನು ಊರವರೆಲ್ಲರ ಬಳಕೆಗೆಂದು ಇಡಲು ತರುಣರು ಉಗ್ರಾಣ ಕಟ್ಟಿದರೆ ಅದು ಸಂಗ್ರಹವೆ, ದಾನವೆ? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಬೇರನ್ನು ಮೂರ್ಛೆಯಲ್ಲಿ, ಎಂದರೆ ಮಮಕಾರದಲ್ಲಿ, ತೋರಿಸಿದ್ದಾರೆ. ಆದುದರಿಂದ ಬೀಗದ ಕೈ ಯಾರ ಬಳಿ ಇದೆ, ಕೇಳಿದವರಿಗೆ ಬಾಗಿಲು ತೆರೆಯುತ್ತದೆಯೆ ಎಂಬುದೇ ಇಲ್ಲಿನ ಪರೀಕ್ಷೆ. ಈ ಸೀಮೆಯ ರೈತರು ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಇಡುವುದು ಅದು ಕೊಬ್ಬರಿಯಾಗಿ ಹೊರಗೆ ಹೋಗಲೆಂದೇ. ಉಗ್ರಾಣದ ಧರ್ಮವೂ ಅದೇ.

ಎರಡನೆಯ ಪ್ರಶ್ನೆ ಇನ್ನೂ ಕಠಿನವಾದುದು. ಬಹಳ ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಇಂತಹುದೇ ಶ್ರಮದಾನದಲ್ಲಿ ನಾನೂ ಪಾಲ್ಗೊಂಡಿದ್ದೆ. ಅವಸರದ ಕೆಲಸದಲ್ಲಿ ಬಾಗಿಲಿನ ಕೆಳಗೆ ಎರಡು ಬೆರಳಿನಷ್ಟು ಸಂದು ಉಳಿಯಿತು. ಅದನ್ನು ಕಂಡೆ, ಆದರೆ ಸುಮ್ಮನಾದೆ. ಮಳೆಗಾಲದಲ್ಲಿ ಇಲಿಗಳು ಒಳಸೇರಿ ಅಕ್ಕಿಯ ಮೂಟೆಗಳನ್ನು ಕಡಿದವು. ಕಡೆಗೆ ಯಾರೋ ವಿಷವಿಟ್ಟರು. ಸೇವೆಗೆಂದು ಕಟ್ಟಿದ ಮನೆಯಿಂದ ಸತ್ತ ಇಲಿಗಳನ್ನು ನಾವೇ ಗುಡಿಸಿ ತೆಗೆಯಬೇಕಾಯಿತು. ಎಲ್ಲರೂ ವಿಷವಿಟ್ಟವನನ್ನು ನಿಂದಿಸಿದರು. ಆದರೆ ಆ ಹಿಂಸೆ ಹುಟ್ಟಿದ್ದು ಬಾಗಿಲಿನ ಸಂದಿನಲ್ಲಿ, ಅದನ್ನು ಕಂಡೂ ಸುಮ್ಮನಿದ್ದ ನನ್ನ ಪ್ರಮಾದದಲ್ಲಿ ಎಂದು ನನಗೆ ಇಂದಿಗೂ ಅನಿಸುತ್ತದೆ.

ಮನೆ ಕಟ್ಟುವುದರಲ್ಲಿ ಆಗುವ ಜೀವಹಾನಿಯನ್ನು ನಮ್ಮ ಆಚಾರ್ಯರು ಆರಂಭೀ ಹಿಂಸೆಯಲ್ಲಿ ಎಣಿಸಿದ್ದಾರೆ. ಗೃಹಸ್ಥನು ಅದನ್ನು ಪೂರ್ಣವಾಗಿ ತೊರೆಯಲಾರ. ಎಚ್ಚರದಿಂದ ಕಡಮೆ ಮಾಡಬಲ್ಲ. ಚಾತುರ್ಮಾಸದ ಹಸಿ ನೆಲದಲ್ಲಿ ಜೀವರಾಶಿ ಹೆಚ್ಚು. ಅಡಿಪಾಯವನ್ನು ಆ ಮೇಲೆ ತೋಡಬಹುದು. ಹುತ್ತವಿರುವ ಜಾಗವನ್ನು ಬಿಟ್ಟು ಬೇರೆಡೆ ನೆಲ ಆರಿಸಬಹುದು. ದೀಪಕ್ಕೆ ಹುಳುಗಳು ಮುತ್ತುವುದರಿಂದ ಸೂರ್ಯಾಸ್ತಕ್ಕೆ ಕೆಲಸ ನಿಲ್ಲಿಸಬಹುದು. ಜಗಲಿಯನ್ನು ಎತ್ತರಿಸಿ, ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಬಾಗಿಲನ್ನು ಹೊಸ್ತಿಲಿಗೆ ಸರಿಯಾಗಿ ಕೂಡಿಸಿದರೆ ಮುಂದೆ ವಿಷದ ಮಾತೇ ಬಾರದು. ಮುನಿಗಳ ಐದು ಸಮಿತಿಗಳಲ್ಲಿ ಆದಾನನಿಕ್ಷೇಪಣ ಒಂದು: ಯಾವ ವಸ್ತುವನ್ನೇ ಆಗಲಿ ನೋಡಿ ತೆಗೆಯುವುದು, ನೋಡಿ ಇಡುವುದು. ಉಗ್ರಾಣದಲ್ಲಿ ಒಂದು ಹಗ್ಗವನ್ನು ಕೊಡವಿ ನೋಡಿ ಮೊಳೆಗೆ ತೂಗುಹಾಕುವ ಹುಡುಗನು ತನ್ನ ಶಕ್ತಿಗೆ ತಕ್ಕಂತೆ ಆ ಸಮಿತಿಯನ್ನೇ ಅಭ್ಯಾಸ ಮಾಡುತ್ತಾನೆ.

ಇನ್ನು ಟ್ರಸ್ಟುಗಳಿಗೆ ಒಂದು ಮಾತು. ಅರಸೀಕೆರೆಯ ಸಹಸ್ರಕೂಟ ಜಿನಾಲಯವನ್ನು ರೇಚರಸನು ಕ್ರಿ.ಶ. 1220ರಲ್ಲಿ ಕಟ್ಟಿಸಿದನು. ಹೊಯ್ಸಳರ ಕಾಲದ ಜೈನ ದಾನಶಾಸನಗಳಲ್ಲಿ ಪೂಜೆ ಮತ್ತು ಆಹಾರದಾನಗಳ ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೂ, ಎಂದರೆ ಒಡೆದು ಬಿರಿದುದರ ದುರಸ್ತಿಗೂ, ಭೂಮಿ ಬಿಟ್ಟ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಕಟ್ಟುವ ದಿನವೇ ಕಾಪಾಡುವ ಚಿಂತೆಯನ್ನೂ ಮಾಡಿದವರು ಅವರು. ನಾವಾದರೋ ಉದ್ಘಾಟನೆಯ ಫಲಕಕ್ಕೆ ಹಣ ತೆಗೆದಿಟ್ಟು, ಮರುವರ್ಷದ ಒಡೆದ ಹೆಂಚನ್ನು ಮರೆಯುತ್ತೇವೆ. ಯುವಕರ ನಾಲ್ಕು ದಿನದ ಉತ್ಸಾಹವನ್ನು ಹೊಗಳುವುದು ಸುಲಭ. ಪ್ರತಿ ಚಾತುರ್ಮಾಸಕ್ಕೆ ಮುಂಚೆ ಅವರೇ ಬಂದು ಹೆಂಚು, ಬಾಗಿಲು, ಸಂದುಗಳನ್ನು ಪರಿಶೀಲಿಸುವಂತೆ ಏರ್ಪಾಡು ಮಾಡುವುದು ಹಿರಿಯರ ಹೊಣೆ.

ಬೀಗದ ಕೈ ಸುಲಭವಾಗಿ ದೊರೆತು, ಬಾಗಿಲ ಕೆಳಗೆ ಸಂದಿಲ್ಲದೆ ಇರುವ ಉಗ್ರಾಣದಲ್ಲಿ ಅಪರಿಗ್ರಹವೂ ಅಹಿಂಸೆಯೂ ಒಟ್ಟಿಗೆ ನೆಲೆಸಿರುತ್ತವೆ. ಅಂತಹುದನ್ನು ಕಟ್ಟಿರೆಂದು ನಮ್ಮ ಮಕ್ಕಳಿಗೆ ಧೈರ್ಯವಾಗಿ ಹೇಳಬಹುದು.