ಇಂದಿನ ಧಮ್ಮ ಚಿಂತನೆ: ಬೀಗ ಹಾಕಿದ ಕೋಣೆ



ಫ್ರಾನ್ಸಿನಲ್ಲಿ ನೀಲಿಗಡ್ಡದವನ ಕಥೆಯೊಂದಿದೆ. ಶಾರ್ಲ್ ಪೆರೊ 1697ರಲ್ಲಿ ಅಚ್ಚು ಹಾಕಿಸಿದ್ದು. ಸಿರಿವಂತ ಗಂಡ ಹೊಸ ಹೆಂಡತಿಗೆ ಮನೆಯ ಎಲ್ಲ ಕೀಲಿ ಕೊಟ್ಟು, ಒಂದು ಕೋಣೆ ಮಾತ್ರ ತೆರೆಯಬೇಡ ಎಂದು ಹೇಳಿ ಪರಊರಿಗೆ ಹೋಗುತ್ತಾನೆ. ಅವಳು ತೆರೆಯುತ್ತಾಳೆ. ಒಳಗೆ ಹಿಂದಿನ ಹೆಂಡತಿಯರ ಹೆಣಗಳು. ಕೀಲಿಗೆ ಹತ್ತಿದ ರಕ್ತ ಎಷ್ಟು ತೊಳೆದರೂ ಹೋಗುವುದಿಲ್ಲ. ಕೊನೆಗೆ ಅಣ್ಣಂದಿರು ಬಂದು ಉಳಿಸುತ್ತಾರೆ.

ಕಥೆಗೆ ಪೆರೊ ಎರಡು ನೀತಿ ಅಂಟಿಸಿದ್ದಾನೆ. ಒಂದು, ಕುತೂಹಲ ದುಬಾರಿ. ಎರಡು, ಇಂಥ ಗಂಡಂದಿರು ಈಗಿನ ಕಾಲದಲ್ಲಿಲ್ಲ!

ನಮ್ಮ ಕರ್ನಾಟಕದಲ್ಲೇ ಇದ್ದ. ದಕ್ಷಿಣ ಕನ್ನಡದ ಮೋಹನ್ ಕುಮಾರ್, ಮಕ್ಕಳಿಗೆ ಪಾಠ ಹೇಳಿದ್ದ ಮಾಸ್ತರ. 2003ರಿಂದ 2009ರವರೆಗೆ ಬಡಮನೆಯ 20 ಹೆಣ್ಣುಮಕ್ಕಳನ್ನು ಮದುವೆಯ ಮಾತಾಡಿ ಕರೆದೊಯ್ದ. ಲಾಡ್ಜಿನಲ್ಲಿ ಒಡವೆ ಬಿಚ್ಚಿಡಿಸಿ, ಬಸ್ ನಿಲ್ದಾಣದಲ್ಲಿ ಗರ್ಭ ನಿಲ್ಲದಿರಲು ಎಂದು ಗುಳಿಗೆ ಕೊಡುತ್ತಿದ್ದ. ಅದು ಸಯನೈಡ್. ವರದಕ್ಷಿಣೆ ಬೇಡ ಅನ್ನುವ ವರ ಸಿಕ್ಕಾಗ ಬಡವರ ಮನೆಯಲ್ಲಿ ಯಾರು ತಾನೆ ಹೆಚ್ಚು ಕೇಳುತ್ತಾರೆ? ಮಗಳು ಮದುವೆಯಾಗಿ ಎಲ್ಲೋ ಸುಖವಾಗಿದ್ದಾಳೆ ಎಂದುಕೊಂಡು ಕೆಲವರು ದೂರನ್ನೂ ಕೊಡಲಿಲ್ಲ. ಮರ್ಯಾದೆಯ ಅಂಜಿಕೆಯೂ ಇದ್ದೀತು. 2009ರಲ್ಲಿ ಒಬ್ಬಳ ಮನೆಯವರು, ಸಮುದಾಯದವರು ನಮ್ಮ ಹುಡುಗಿ ಎಲ್ಲಿ ಎಂದು ಪಟ್ಟು ಹಿಡಿದು ಕೇಳಿದರು. ಅವನು ಸಿಕ್ಕಿಬಿದ್ದ. ಕುತೂಹಲ ದುಬಾರಿ ಎಂದ ಪೆರೊ ಇದಕ್ಕೆ ಏನನ್ನುತ್ತಿದ್ದನೋ.

ನಮ್ಮ ಅಟ್ಠಕಥೆಯಲ್ಲಿ ಭದ್ದಾ ಕುಂಡಲಕೇಸಿ ಇದ್ದಾಳೆ. ರಾಜಗೃಹದ ಶ್ರೇಷ್ಠಿಯ ಮಗಳು. ಗಲ್ಲಿಗೆ ಹೊರಟ ಕಳ್ಳನನ್ನು ಮೆಚ್ಚಿ, ಅಪ್ಪನಿಂದ ಬಿಡಿಸಿಕೊಂಡು ಮದುವೆಯಾದಳು. ಅವನು ಹರಕೆಯ ನೆಪದಲ್ಲಿ ಬೆಟ್ಟದ ತುದಿಗೆ ಕರೆದೊಯ್ದು, ಒಡವೆಗಾಗಿ ಕೊಲ್ಲಲು ನಿಂತ. ಒಡವೆ ಇಟ್ಟುಕೊಂಡು ನನ್ನನ್ನು ಬಿಡು ಎಂದರೂ ಒಪ್ಪಲಿಲ್ಲ. ಕೊನೆಯ ಸಲ ಅಪ್ಪಿಕೊಳ್ಳುತ್ತೇನೆ ಎಂದು ಹಿಂದಿನಿಂದ ಹೋಗಿ ನೂಕಿಬಿಟ್ಟಳು. ಅಲ್ಲಿನ ದೇವತೆ ಅವಳ ಜಾಣತನವನ್ನು ಹೊಗಳಿತಂತೆ.

ಇದನ್ನು ಓದಿದಾಗ ನಮ್ಮ ಸೊರಟೂರಿನ ಬಳಗದಲ್ಲಿ ಒಬ್ಬ ತಾಯಿ ಕೇಳಿದರು: "ಮೊದಲನೇ ಶೀಲ ಮುರೀಲಿಲ್ಲೇನ್ರಿ?" ಮುರಿದಳು ಅಂತಲೇ ನನಗನಿಸುತ್ತದೆ. ಪ್ರಾಣ ಉಳಿಸಿಕೊಳ್ಳಲು ಮಾಡಿದರೂ ಕೊಂದದ್ದು ಕೊಂದದ್ದೇ. ಅವಳೂ ಮನೆಗೆ ಹಿಂದಿರುಗಲಿಲ್ಲ, ಸನ್ಯಾಸಿನಿಯಾದಳು. ಊರೂರು ವಾದ ಮಾಡಿ ಗೆದ್ದವಳು ಸಾರಿಪುತ್ತರ ಒಂದು ಪ್ರಶ್ನೆಗೆ ಸೋತು ಭಿಕ್ಖುಣಿಯಾದಳು, ಅರಹಂತಳಾದಳು. ಭಿಕ್ಖುಗಳು ಕಳ್ಳನೊಡನೆ ಅವಳ ಸೆಣಸಾಟದ ಮಾತು ತೆಗೆದಾಗ, ಒಳಗಿನ ಕಳ್ಳನನ್ನು ಗೆಲ್ಲುವುದೇ ದೊಡ್ಡದು ಎಂದು ಬುದ್ಧರು ಮಾತು ತಿರುಗಿಸಿದರು. ಕೊಲೆಯನ್ನು ಹೊಗಳಲಿಲ್ಲ, ಅವಳಿಗೆ ಬಾಗಿಲನ್ನೂ ಮುಚ್ಚಲಿಲ್ಲ. ಕುತೂಹಲ ತಪ್ಪೆಂದು ಅವಳಿಗೆ ಯಾರೂ ಹೇಳಿದ್ದಿಲ್ಲ.

ನಾವು ಹೇಳುತ್ತೇವೆ. ನನ್ನ ತಂಗಿಯನ್ನು ನೋಡಲು ಬಂದಾಗ ಹೊಲ ಎಷ್ಟು, ನೌಕರಿ ಏನು ಎಲ್ಲ ಕೇಳಿದೆವು. ಅವಳು ಪಡಸಾಲೆ ಬಾಗಿಲಲ್ಲಿ ನಿಂತು, ನಂದೊಂದು ಕೇಳೂದೈತಿ ಅಂದಳು. ಸುಮ್ಮನಿರು ಅಂದವರಲ್ಲಿ ನಾನೂ ಒಬ್ಬ. ಏನು ಕೇಳಬೇಕೆಂದಿದ್ದಳೋ, ಹನ್ನೊಂದು ವರ್ಷವಾಯಿತು, ನಾನಿನ್ನೂ ಅವಳನ್ನು ಕೇಳಿಲ್ಲ.